ಬಿಟ್ಟ ತೋಳು

ನಾರ್ವೆಯ ಕರಾವಳಿ ಹಡಗು ಹತ್ತಿದಂದಿನಿಂದ ಅಸ್ಲೌಗ್ ಗಂಡನ ತೋಳು ಬಿಟ್ಟಿರಲಿಲ್ಲ. ಈ ವಯಸ್ಸಿನಲ್ಲೂ ಎಂಥ ಪ್ರೀತಿ ಎಂದು ನೋಡಿದವರು ನಗುತ್ತಿದ್ದರು. ಪ್ರೀತಿ, ಮಣ್ಣು! ಅವಳು ಹಿಡಿದದ್ದು ಭಯಕ್ಕೆ. ಗಂಡ ಟೋರ್ಗ್ರಿಮ್‌ಗೆ ಮರೆವು ಹತ್ತಿತ್ತು. ಪೂರ್ತಿ ಮರೆಯುವ ಮುಂಚೆ ಒಮ್ಮೆ ಸುತ್ತಾಡಿಸೋಣ ಎಂದು ಕರೆತಂದಿದ್ದಳು. ಹಡಗಿನಲ್ಲಿ ಅವನು ಯಾರದೋ ಕೋಣೆಗೆ ನುಗ್ಗಿ, "ನನ್ನ ಮಂಚದ ಮೇಲೆ ಯಾರಯ್ಯಾ ನೀನು?" ಎಂದು ಜಗಳ ತೆಗೆದಾಗ, "ತಮಾಷೆ ಮಾಡ್ತಾರೆ" ಎಂದು ತೇಪೆ ಹಚ್ಚಿದ್ದಳು. ಮನೆಯ ಕಷ್ಟ ಹೇಳಿಕೊಂಡು ಇನ್ನೊಬ್ಬರಿಗೆ ತೊಂದರೆ ಕೊಡುವುದಕ್ಕಿಂತ ಅವಳ ಕಡಲತೀರದ ಊರಿನವರಿಗೆ ಸಾವೇ ಮೇಲು. ಬಾಯಿ ಬಿಟ್ಟರೆ ಬಣ್ಣಗೇಡು.

ಹಡಗಿಳಿದು ಬೆಟ್ಟದ ರೈಲು ಹತ್ತಿದಾಗ ಎದುರು ಸೀಟಿನ ಬೋರ್ಗಿಲ್ಡ್ ಎಂಬಾಕೆ ಕೇಳಿಯೇಬಿಟ್ಟಳು.

"ನಿಮ್ಮ ಯಜಮಾನ್ರಿಗೆ ಹುಷಾರಿಲ್ವೇನ್ರೀ?"

"ಏನಿಲ್ಲಪ್ಪ, ನಿದ್ದೆ ಸಾಲದು ಅಷ್ಟೆ."

ಜಲಪಾತದ ಬಳಿ ರೈಲು ನಿಂತಿತು. ಫೋಟೊ ತೆಗೆಯಲೆಂದು ಎಲ್ಲರೂ ಇಳಿದರು. ನೀರಿನ ಅಬ್ಬರಕ್ಕೆ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಬೋರ್ಗಿಲ್ಡ್ ತನ್ನ ಫೋನು ಚಾಚಿ ಕೂಗಿದಳು: "ನಂದೊಂದು ತೆಗೀತೀರಾ? ಜಲಪಾತ ಪೂರ್ತಿ ಬರ್ಲಿ, ನನ್ನ ಹೊಟ್ಟೆ ಬರೋದು ಬೇಡ!"

ಆಗುವುದಿಲ್ಲ ಎಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಅಸ್ಲೌಗ್ ತೋಳು ಬಿಟ್ಟಳು.

ಫೋಟೊ ತೆಗೆದು ತಿರುಗಿದರೆ ಅವನಿಲ್ಲ. ರೈಲಿನ ಸೀಟಿ ಕೇಳಿಸಿತು. ಟೋರ್ಗ್ರಿಮ್ ತೊಟ್ಟಿದ್ದಂಥದೇ ಕೆಂಪು ಮಳೆಯಂಗಿಯೊಂದು ಬೋಗಿ ಹತ್ತುವುದು ಕಂಡು ಅವಳೂ ಹಿಂದೆಯೇ ಹತ್ತಿ ಬೆನ್ನು ಮುಟ್ಟಿದಳು. ತಿರುಗಿದವನು ಯಾರೋ ಗಡ್ಡದವನು. ಬಾಗಿಲು ಮುಚ್ಚಿತು.

ಟೋರ್ಗ್ರಿಮ್ ಹೊರಗೇ ಉಳಿದಿದ್ದ. ಅಲ್ಲಿ ಜಲಪಾತದ ಬದಿಯ ಕಟಕಟೆಯಾಚೆ ಪ್ರಪಾತ. ಅದನ್ನು ದಾಟಬಾರದೆಂಬುದಾದರೂ ಅವನಿಗೆ ನೆನಪಿರುತ್ತದೋ ಇಲ್ಲವೋ. ಕೂಗಬೇಕು. ಜನರೆಲ್ಲ ಕಿಟಕಿಯಾಚೆ ನೋಡುತ್ತ ತೆಪ್ಪಗೆ ಕುಳಿತಿದ್ದರು. ಇಷ್ಟು ಮಂದಿಯ ಮುಂದೆ ಹೇಗೆ ಹೇಳುವುದು? ರೈಲು ಚಲಿಸಿತು.

"ನಿಲ್ಸಿ!" ಅಸ್ಲೌಗ್ ಕಿರುಚಿದಳು. "ನನ್ನ ಗಂಡ ಹೊರಗಿದ್ದಾನೆ! ಅವನಿಗೆ ತಲೆ ನಿಲ್ಲಲ್ಲ, ಏನೂ ನೆನಪಿರಲ್ಲ! ನಿಲ್ಸ್ರೋ!"

ಗಡ್ಡದವನು ರೈಲು ನಿಲ್ಲಿಸುವ ಅಪಾಯದ ಹಿಡಿಯನ್ನು ಜಗ್ಗಿದ. ಹಿಂದೆಯೇ ಹತ್ತಿದ್ದ ಬೋರ್ಗಿಲ್ಡ್‌ಳ ಮುಖ ಬಿಳಿಚಿಕೊಂಡಿತು. "ಅವರು ಕಟಕಟೆ ಕಡೆ ಹೋಗಿದ್ದು ನಾನು ನೋಡಿದ್ನಲ್ರೀ. ಏನಿಲ್ಲ ಅಂದಿದ್ರಲ್ಲ ನೀವು, ಅದಕ್ಕೇ ಸುಮ್ನಿದ್ದೆ!"

ಬಾಗಿಲು ತೆರೆಯುತ್ತಲೇ ಅಸ್ಲೌಗ್ ಅವನ ಹೆಸರು ಕೂಗುತ್ತ ಓಡಿದಳು. ಟೋರ್ಗ್ರಿಮ್ ಕಟಕಟೆಗೆ ಒರಗಿ, ತೊಯ್ದು ತೊಪ್ಪೆಯಾಗಿ ನಿಂತಿದ್ದ. ಅವಳು ಎರಡೂ ಕೈಯಿಂದ ಅವನ ತೋಳು ಹಿಡಿದಳು. ಹೋದ ಜೀವ ಬಂದಂತಾಯಿತು.

ಅವನು ಅವಳ ಮುಖ ನೋಡಿದ. ದಾರಿಹೋಕರನ್ನು ನೋಡುವಂತೆ, ಮರ್ಯಾದೆಯಿಂದ ನೋಡಿದ. ಮೆಲ್ಲಗೆ ತೋಳು ಬಿಡಿಸಿಕೊಂಡು ಅವಳ ಕಿವಿಯ ಬಳಿ ಬಗ್ಗಿದ.

"ಕೂಗಾಡ್ಬೇಡಿ ತಾಯಿ. ನನಗೆ ಮರೆವು. ನನ್ನ ಹೆಂಡತಿ ಅದನ್ನ ಯಾರಿಗೂ ಹೇಳಿಲ್ಲ. ಎಲ್ಲರಿಗೂ ಗೊತ್ತಾದ್ರೆ, ಪಾಪ, ಅವಳಿಗೆ ಅವಮಾನ ಆಗುತ್ತೆ."