ಮಷಿನ್ ನಮ್ಮದು, ಅಕ್ಷರಕ್ಕೆ ಬೀಗ

ಯಲ್ಲಾಪುರದ ಮುರಿಗೆವ್ವ ಹೊಲಿಗೆಯಲ್ಲಿ ಹೆಸರು ಮಾಡಿದವಳು. 2006ರಲ್ಲಿ ಅವಳು ತನ್ನ ಎರಡೂ ಹಳೆಯ ಹೊಲಿಗೆ ಮಷಿನ್ ಮಾರಿ, ಹುಬ್ಬಳ್ಳಿಯ ಅಂಗಡಿಯೊಂದರಿಂದ ಕಂಪ್ಯೂಟರ್ ಕಸೂತಿ ಮಷಿನ್ ತಂದಳು. ಅಂಗಡಿಯವನು ಅಲ್ಲಿಟ್ಟಿದ್ದ ಅಂಥದೇ ಮಷಿನ್‌ನಲ್ಲಿ ಅವಳ ಕಣ್ಣೆದುರೇ ಕನ್ನಡ ಅಕ್ಷರ ಹೊಲಿದು ತೋರಿಸಿದ್ದ. ಆ ನಂಬಿಕೆಯಿಂದ ಅವಳು ಹೈಸ್ಕೂಲಿನ ಆಟದ ಅಂಗಿಗಳ ಮೇಲೆ ಶಾಲೆಯ ಹೆಸರು ಹಾಕಿಕೊಡಲು ಒಪ್ಪಿಕೊಂಡಳು.

ಮನೆಗೆ ಬಂದ ಮಷಿನ್ ಹೂ ಬಿಡಿಸಿತು, ನವಿಲು ಬಿಡಿಸಿತು. ಕನ್ನಡ ಅಕ್ಷರ ಒತ್ತಿದರೆ ಮಾತ್ರ ಪರದೆಯ ಮೇಲೆ ಬೀಗದ ಚಿತ್ರ. ಮುರಿಗೆವ್ವ ಅಂಗಡಿಗೆ ಫೋನ್ ಮಾಡಿದಳು.

"ಅಕ್ಷರದ ಸಾಫ್ಟ್‌ವೇರ್ ಒಳಗೇ ಐತ್ರಿ ಅಕ್ಕಾರ. ತೆರೀಬೇಕಂದ್ರ ಬ್ಯಾರೆ ರೊಕ್ಕ ಕಟ್ಟಬೇಕು," ಎಂದ ಅಂಗಡಿಯವನು.

"ಕಪಾಟು ಮಾರಿ, ಕೀಲಿಗೆ ಬ್ಯಾರೆ ರೊಕ್ಕ ಕೇಳ್ತೀರೇನ್ರಿ?"

ಅವನು ಫೋನ್ ಇಟ್ಟುಬಿಟ್ಟ.

ಗಂಡ ಹುಚ್ಚಪ್ಪನಿಗೆ ಜಗಳ ಬೇಡವಾಗಿತ್ತು. "ಕೇಳಿದಷ್ಟು ಕೊಟ್ಟು ಮುಗಿಸು. ದೊಡ್ಡ ಅಂಗಡಿಯವ್ರ ಮುಂದ ನಮ್ಮ ಮಾತು ಯಾರು ಕೇಳ್ತಾರ?"

ಊರಿನಲ್ಲಿ ಕಂಪ್ಯೂಟರ್ ಕಲಿಸುವ ಪರಿಮಳಾ ಮಹಿಳಾ ಸಂಘಗಳಲ್ಲಿ ಗ್ರಾಹಕರ ಹಕ್ಕಿನ ಬಗ್ಗೆಯೂ ಹೇಳುತ್ತಿದ್ದಳು. ಗಂಡ ಹೆಂಡತಿ ಅವಳಲ್ಲಿಗೆ ಹೋದರು.

"ಸಾಫ್ಟ್‌ವೇರಿಗೆ ಬೇರೆ ಬೆಲೆ ಇಡೋದು ತಪ್ಪಲ್ಲ ಮುರಿಗೆವ್ವ," ಎಂದಳು ಪರಿಮಳಾ. "ಆದ್ರೆ ಮಾರುವಾಗಲೇ ಅದನ್ನ ಹೇಳ್ಬೇಕು. ತೋರ್ಸಿದ್ದು ಒಂದು, ಕೊಟ್ಟಿದ್ದು ಇನ್ನೊಂದು ಆದ್ರೆ ಎಂತಕ್ಕೆ ಅಂತ ಕೇಳೋ ಹಕ್ಕು ನಿಮ್ಗಿದೆ. ಮೊದ್ಲು ಅಂಗಡಿಲೇ ಕೇಳಿ. ಆಗ್ದಿದ್ರೆ, ಅಂಗಡಿ ಇರೋದು ಧಾರವಾಡ ಜಿಲ್ಲೇಲಿ ಅಲ್ವಾ, ಧಾರವಾಡದಲ್ಲೇ ಜಿಲ್ಲಾ ಗ್ರಾಹಕರ ವೇದಿಕೆ ಇದೆ. ವಕೀಲರಿಲ್ಲದೆಯೂ ದೂರು ಕೊಡ್ಬಹುದು."

"ಸಿಟ್ಟಿಗೆದ್ದು ರಿಪೇರಿಗೆ ಬರಲಿಲ್ಲಂದ್ರ?" ಎಂದ ಹುಚ್ಚಪ್ಪ.

"ಗ್ಯಾರಂಟಿ ಇರೋವರೆಗೆ ಬರಲೇಬೇಕು. ಅದು ಅವರು ಮಾಡೋ ಉಪಕಾರ ಅಲ್ಲ."

ಮೂವರೂ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದರು. "ಕಂಪನಿ ನಿಯಮರೀ, ನಾವೇನು ಮಾಡೂಣು," ಎಂದ ಅಂಗಡಿಯವನು. ಮುರಿಗೆವ್ವ ದನಿ ಏರಿಸಲಿಲ್ಲ.

"ಅಕ್ಷರ ಹೊಲದು ತೋರಿಸಿದವ್ರು ನೀವು. ಅದಕ್ಕ ಬ್ಯಾರೆ ರೊಕ್ಕ ಅಂತ ಅವತ್ತು ಹೇಳ್ಲಿಲ್ಲ. ಬೀಗ ತಗದು ಕೊಡ್ರಿ, ಇಲ್ಲಾ ಮಷಿನ್ ವಾಪಸ್ ತಗೋರಿ. ಎರಡೂ ಆಗೂದಿಲ್ಲಂದ್ರ ವೇದಿಕೆಗೆ ದೂರು ಕೊಡ್ತೀನಿ."

ಅಂಥದೇ ಮಷಿನ್ ಕೊಳ್ಳಲು ಬಂದಿದ್ದ ಒಬ್ಬರು ಇದನ್ನು ಕೇಳಿಸಿಕೊಂಡು, ತೆಗೆದ ದುಡ್ಡನ್ನು ಮತ್ತೆ ಜೇಬಿಗಿಟ್ಟರು. "ನನಗ ಕೊಡೂ ಮಷಿನ್‌ನ್ಯಾಗೂ ಹಿಂಗ ಬೀಗ ಐತೇನ್ರಿ?" ಎಂದು ಕೇಳಿದರು.

ಅಂಗಡಿಯವನು ಒಳಗೆ ಹೋಗಿ ಕಂಪನಿಗೆ ಫೋನ್ ಮಾಡಿದ. ಮರುವಾರ ಅವನ ಮೆಕ್ಯಾನಿಕ್ ಯಲ್ಲಾಪುರಕ್ಕೆ ಬಂದು, ದುಡ್ಡು ಕೇಳದೆ ಅಕ್ಷರ ತೆರೆದುಕೊಟ್ಟ. ಅಷ್ಟರಲ್ಲಿ ಶಾಲೆಯವರು ಅರ್ಧ ಅಂಗಿಗಳನ್ನು ಬೇರೆ ಕಡೆ ಕೊಟ್ಟಾಗಿತ್ತು. ಮುರಿಗೆವ್ವನಿಗೆ ಬೇಸರವಾಯಿತು. ಆದರೂ ಉಳಿದ ಅರ್ಧವನ್ನು ಹೇಳಿದ ದಿನಕ್ಕೆ ಮುಗಿಸಿಕೊಟ್ಟಳು.

"ಕೇಳದ ಇದ್ದಿದ್ರ ಇದೂ ಸಿಗ್ತಿದ್ದಿಲ್ಲ," ಎಂದು ಹುಚ್ಚಪ್ಪನೇ ಒಪ್ಪಿಕೊಂಡ. ಮುಂದೆ ಮೊಬೈಲ್ ಕೊಳ್ಳಲು ಹೋದಾಗ, "ಇದರಾಗ ಯಾವ್ಯಾವುದಕ್ಕ ಆಮ್ಯಾಲೆ ರೊಕ್ಕ ಕೇಳ್ತೀರಿ, ಈಗ ಹೇಳ್ರಿ," ಎಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತೇಬಿಟ್ಟ. ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಂಡೇ ಎದ್ದ.

ಅಕ್ಕಂದಿರೇ, ಅಣ್ಣಂದಿರೇ, ಯಂತ್ರ ಕೊಳ್ಳುವಾಗ ನೀವೂ ಇದನ್ನೇ ಕೇಳಿ. ಯಾವುದು ಬೆಲೆಯೊಳಗೆ, ಯಾವುದು ಹೊರಗೆ ಎಂದು ಬರೆಸಿಕೊಳ್ಳಿ. ಮೋಸವಾದರೆ ಸುಮ್ಮನಿರಬೇಡಿ. ಇವತ್ತು ನೀವು ಕೇಳಿದರೆ, ನಾಳೆ ಅದೇ ಅಂಗಡಿಗೆ ಹೋಗುವ ನಿಮ್ಮ ನೆರೆಯವರಿಗೂ ಒಳ್ಳೆಯದು.