ಅರ್ಧ ಸುತ್ತು ಸಡಿಲ

ಗುಬ್ಬಿಗೆ ಮುಚ್ಚಳ ಮುಚ್ಚುವುದು ಹುಟ್ಟಿದಾಗಿನಿಂದಲೂ ಬರುವುದಿಲ್ಲ. ಸಕ್ಕರೆ ಡಬ್ಬಿಯಿರಲಿ, ಎಣ್ಣೆ ಬಾಟಲಿಯಿರಲಿ, ಅವಳು ಮುಟ್ಟಿ ಇಟ್ಟಿದ್ದನ್ನು ಎತ್ತಲು ಹೋದರೆ ಮುಚ್ಚಳ ಕೈಯಲ್ಲಿ, ಉಳಿದದ್ದು ನೆಲದ ಮೇಲೆ. ಈ ವಿಷಯಕ್ಕೆ ಅಕ್ಕನಿಂದ ತಿಂದ ಬೈಗುಳಕ್ಕೆ ಲೆಕ್ಕವಿಲ್ಲ. ತಲೆಗೂದಲು ನರೆಯತೊಡಗಿದರೂ, ಪ್ರಯೋಗಾಲಯದಲ್ಲಿ ಎಲ್ಲರೂ ಡಾಕ್ಟರೇ ಎಂದು ಕರೆದರೂ, ಮನೆಯಲ್ಲಿ ಅವಳು ಗುಬ್ಬಿಯೇ. ಬೈಗುಳವೂ ಹಳೆಯದೇ.

ತಮಾಷೆಯೆಂದರೆ, ಅವಳ ಕೆಲಸಕ್ಕೆ ಬೇಕಾದದ್ದೂ ಅದೇ ದುರಭ್ಯಾಸ. ಅಲ್ಲಿ ಜೀವಕೋಶಗಳನ್ನು ಚಪ್ಪಟೆ ಪ್ಲಾಸ್ಟಿಕ್ ಸೀಸೆಗಳಲ್ಲಿ, ಕೆಂಪು ಪೋಷಕ ದ್ರವ ಹಾಕಿ, ಮೈಬಿಸಿಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯೊಳಗೆ ಸಾಕುತ್ತಾರೆ. ಸೀಸೆಯ ಮುಚ್ಚಳವನ್ನು ಅರ್ಧ ಸುತ್ತು ಸಡಿಲ ಬಿಡಬೇಕು. ಬಿಗಿ ಮಾಡಿದರೆ ಪೆಟ್ಟಿಗೆಯೊಳಗಿನ ಗಾಳಿ ಸೀಸೆಗೆ ಹೋಗದೆ ದ್ರವದ ಹದ ಕೆಟ್ಟು ಕೋಶಗಳು ಸಾಯುತ್ತವೆ. ಗುಬ್ಬಿಯ ಕೈಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಅಕ್ಕನ ಕಥೆ ಬೇರೆ. ದೊಡ್ಡವಳಾದ ವರ್ಷದಿಂದಲೇ ಪ್ರತಿ ತಿಂಗಳು ಅವಳು ಮೊಣಕಾಲನ್ನು ಎದೆಗೆ ಒತ್ತಿಕೊಂಡು ಮಲಗುತ್ತಿದ್ದಳು. ಎಲ್ಲರಿಗೂ ಇದ್ದದ್ದೇ ಎಂದು ಅಮ್ಮ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದಳು. ಡಾಕ್ಟರುಗಳು ಸ್ಕ್ಯಾನ್ ನೋಡಿ ಏನೂ ಇಲ್ಲವೆಂದರು. ಮನಸ್ಸಿಗೆ ಏನಾದರೂ ಕೆಲಸ ಕೊಡಿ, ಸರಿಹೋಗುತ್ತದೆ ಎಂದ ಒಬ್ಬ ಪುಣ್ಯಾತ್ಮ. ಅಂಥ ದಿನಗಳಲ್ಲೂ ಗೋಡೆ ಹಿಡಿದುಕೊಂಡು ಎದ್ದು ಬಂದು ಗುಬ್ಬಿಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು ಅಕ್ಕನೇ. ಗುಬ್ಬಿ ಈ ಸಂಶೋಧನೆಗೆ ಬಂದದ್ದೂ ಗೋಡೆ ಹಿಡಿದ ಆ ಕೈಯನ್ನು ನೋಡಿಯೇ.

ಕೊನೆಗೊಬ್ಬ ಶಸ್ತ್ರವೈದ್ಯೆ ಅಕ್ಕನ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಅವಳ ಹೊಟ್ಟೆ ತಣ್ಣಗಿರಲಿ. ಇದು ಎಂಡೊಮೆಟ್ರಿಯೋಸಿಸ್ ಎಂದಳು: ಗರ್ಭಕೋಶದ ಒಳಗಿರಬೇಕಾದ ಪದರದಂಥದೇ ಕೋಶಗಳು ಹೊರಗೆಲ್ಲ ಬೀಡುಬಿಟ್ಟು ತಿಂಗಳು ತಿಂಗಳು ಕಾಟ ಕೊಡುವ ಕಾಯಿಲೆ. ಅದನ್ನು ಕೆತ್ತಿ ತೆಗೆಯುವ ಆಪರೇಷನ್ ನಿಗದಿಯಾಯಿತು. ತೆಗೆದ ಚೂರನ್ನು ಗುಬ್ಬಿಯ ಪ್ರಯೋಗಾಲಯಕ್ಕೆ ಕೊಡಲು ಅಕ್ಕ ಒಪ್ಪಿದಳು. ಆದರೆ ಒಂದು ಷರತ್ತು ಹಾಕಿದಳು.

"ನಾನು ಅದನ್ನ ಕಣ್ಣಾರೆ ನೋಡ್ಬೇಕು ಗುಬ್ಬಿ. ಅಮ್ಮನಿಗೂ ತೋರಿಸ್ಬೇಕು. ಸುಮ್ಮಸುಮ್ಮನೆ ಮಲಗಿರ್ಲಿಲ್ಲ ನಾನು ಅಂತ ಅವಳಿಗೆ ಗೊತ್ತಾಗ್ಲಿ."

ಪ್ರಯೋಗಾಲಯದ ಯಜಮಾನಿಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಸ್ವಂತ ಅಕ್ಕನದು, ಬೇರೆಯವರಿಗೆ ವಹಿಸಲೇ ಎಂದು ಅವರು ಕೇಳಿದರು. ಗುಬ್ಬಿ ಬೇಡವೆಂದಳು. ಅವರು ಹುಡುಕುತ್ತಿದ್ದ ಚಿಕಿತ್ಸೆ ಹೀಗಿತ್ತು: ದಾರಿ ತಪ್ಪಿದ ಕೋಶಗಳನ್ನು ಓಡಿಸಲು ರಕ್ತದಲ್ಲೇ ಕಾವಲು ಕೋಶಗಳಿರುತ್ತವೆ, ಈ ಕಾಯಿಲೆಯಲ್ಲಿ ಅವು ತೂಕಡಿಸುತ್ತವೆ. ಅವನ್ನು ಹೊರತೆಗೆದು, ಎಬ್ಬಿಸಿ, ಚುರುಕುಗೊಳಿಸಿ ಮತ್ತೆ ಕೆಲಸಕ್ಕೆ ಹಚ್ಚಬಹುದೇ ಎಂಬುದು ಪ್ರಶ್ನೆ. ಅದಕ್ಕೆ ಮೊದಲು ಶತ್ರುವನ್ನು ಸಾಕಬೇಕು. ಶತ್ರುವೇ ಇಲ್ಲದೆ ಕಾವಲುಗಾರನ ಪರೀಕ್ಷೆ ಹೇಗೆ?

ಆಪರೇಷನ್ ಮುಗಿದು ಚೂರು ಪ್ರಯೋಗಾಲಯಕ್ಕೆ ಬಂತು. ಶತ್ರುವಿಗೋ ವಿಪರೀತ ಕೊಬ್ಬು. ಅಕ್ಕನ ಹೊಟ್ಟೆಯಲ್ಲಿ ಬೇಡಬೇಡವೆಂದರೂ ಬೆಳೆದದ್ದು ಇಲ್ಲಿ ಕೈಮುಗಿದು ಬೇಡಿಕೊಂಡರೂ ಬೆಳೆಯಲೊಲ್ಲದು. ಗುಬ್ಬಿ ದ್ರವ ಬದಲಿಸಿದಳು, ಬೈದಳು, ಮುದ್ದು ಮಾಡಿದಳು. ಅಂತೂ ಒಂದು ಸೀಸೆಯ ತಳದಲ್ಲಿ ಅವು ಕಚ್ಚಿಕೊಂಡು ಹರಡತೊಡಗಿದವು. ಅದೊಂದೇ ಸೀಸೆ. ಅಕ್ಕ ದಿನಾ ಫೋನು ಮಾಡಿ, ನನ್ನ ನೆಂಟರು ಊಟ ಮಾಡಿದರಾ ಎಂದು ವಿಚಾರಿಸುತ್ತಿದ್ದಳು.

ಒಂದು ಗುರುವಾರ ಅಕ್ಕನನ್ನು ನೋಡಿಕೊಳ್ಳಲು ಹೋಗಿದ್ದಾಗ ಗುಬ್ಬಿ ಔಷಧಿಯ ಬಾಟಲಿಯನ್ನು ಎಂದಿನಂತೆ ಸಡಿಲ ಮುಚ್ಚಿಟ್ಟಳು. ಅಕ್ಕ ಎತ್ತಿಕೊಳ್ಳಹೋದರೆ ಔಷಧಿಯೆಲ್ಲ ಹಾಸಿಗೆಯ ಪಾಲು. ಹೊಲಿಗೆ ಇನ್ನೂ ಮಾಯದ ಹೊಟ್ಟೆಯನ್ನು ಹಿಡಿದುಕೊಂಡೇ ಅಕ್ಕ ಸಹಸ್ರನಾಮ ಮಾಡಿದಳು. ಮರುದಿನ ಪ್ರಯೋಗಾಲಯದಲ್ಲಿ ಆ ಸೀಸೆ ಕೈಗೆ ಬಂದಾಗ ಗುಬ್ಬಿಯ ಮೈಯೆಲ್ಲ ಎಚ್ಚರವಾಯಿತು. ಅಕ್ಕನದು, ಜೋಪಾನ, ಎಂದುಕೊಳ್ಳುತ್ತ ಮುಚ್ಚಳವನ್ನು ಗಟ್ಟಿಯಾಗಿ ತಿರುಗಿಸಿ ಪೆಟ್ಟಿಗೆಯಲ್ಲಿಟ್ಟು ರಜೆಗೆ ಹೋದಳು.

ಸೋಮವಾರ ತೆಗೆದು ನೋಡುತ್ತಾಳೆ, ಕೆಂಪಗಿರಬೇಕಾದ ದ್ರವ ನೇರಳೆಗೆ ತಿರುಗಿತ್ತು. ಕೋಶಗಳು ತಳ ಬಿಟ್ಟು ಉಂಡೆಯಾಗಿ ತೇಲುತ್ತಿದ್ದವು. ಮುಚ್ಚಳಕ್ಕೆ ಕೈಹಾಕಿದ ಮೇಲೆ ಅವಳಿಗೆ ಹೊಳೆಯಿತು. ಅವಳು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಅತ್ತಳು. ಅಕ್ಕನ ಹೊಟ್ಟೆಯನ್ನು ಇನ್ನೊಮ್ಮೆ ಕೊಯ್ಯಲಾದೀತೇ? ದೊಡ್ಡ ಮೇಡಂ ಬಂದು ನೋಡಿದರು, ಬೈಯಲಿಲ್ಲ. ತೇಲುವುದನ್ನು ತೆಗೆ, ಹೊಸ ದ್ರವ ಹಾಕು, ತಳದಲ್ಲಿ ಏನಾದರೂ ಉಳಿದಿದ್ದರೆ ಅದಕ್ಕೆ ಸಮಯ ಕೊಡು ಎಂದಷ್ಟೇ ಹೇಳಿ, ಅವಳ ಆ ದಿನದ ಉಳಿದ ಕೆಲಸವನ್ನೆಲ್ಲ ತಾವೇ ಮಾಡಿದರು. ಆ ಉಪಕಾರವನ್ನು ಗುಬ್ಬಿ ಸಾಯುವವರೆಗೂ ಮರೆಯಲಾರಳು.

ಸಂಜೆ ಅಕ್ಕನಿಗೆ ನಿಜ ಹೇಳಲೇಬೇಕಾಯಿತು. ಆ ಕಡೆಯಿಂದ ಮೊದಲು ಬಂದದ್ದು ಒಂದು ಅಯ್ಯೋ. ಆಮೇಲೆ ನಗು. ಹೊಲಿಗೆ ಎಳೆಯುತ್ತದೆ ಎಂದು ನರಳುತ್ತಲೇ ನಗು.

"ಜನ್ಮದಲ್ಲಿ ಒಂದೇ ಒಂದ್ಸಲ ಮುಚ್ಚಳ ಸರಿಯಾಗಿ ಮುಚ್ಚಿದೆ, ಅದೂ ತಪ್ಪಾಯ್ತಾ! ಅಳಬೇಡ್ವೇ. ಅಷ್ಟೊಂದು ಮಾತ್ರೆ ನುಂಗಿದ್ರೂ ಜಗ್ಗದೇ ಇದ್ದವು, ನಿನ್ನ ಮುಚ್ಚಳಕ್ಕೆ ಸಾಯ್ತವಾ?"

ನಗುತ್ತಿದ್ದರೂ ಕೊನೆಗೆ ಅವಳ ದನಿ ಇಳಿದುಹೋಯಿತು. ನೋಡಬೇಕೆಂಬ ಆಸೆ ಎಷ್ಟಿತ್ತೆಂದು ಗುಬ್ಬಿಗೆ ಗೊತ್ತಿತ್ತು.

ಸಾಯಲಿಲ್ಲ. ಕೆಲವು ದಿನಗಳ ನಂತರ ಸೀಸೆಯ ಒಂದು ಮೂಲೆಯಲ್ಲಿ ನಾಲ್ಕಾರು ಕೋಶಗಳು ಮೈಚಾಚಿ ಮಲಗಿದ್ದವು. ವಾರ ಕಳೆಯುವುದರಲ್ಲಿ ಸಂಸಾರವಾಯಿತು, ಮುಂದೆ ಊರೇ ಆಯಿತು. ಅಕ್ಕನನ್ನು ಅರೆದು ಹಾಕಿದ ಆ ಹಟಕ್ಕೇ ಗುಬ್ಬಿ ಮನಸಾರೆ ಕೈಮುಗಿದಳು. ಅಕ್ಕನ ರಕ್ತದ ಕಾವಲು ಕೋಶಗಳನ್ನು ಎಬ್ಬಿಸಿ ಅವುಗಳ ನಡುವೆ ಬಿಟ್ಟ ದಿನ ಅಕ್ಕನಿಗೂ ಅಮ್ಮನಿಗೂ ಕರೆ ಹೋಯಿತು.

ಇಬ್ಬರೂ ದೊಗಲೆ ಬಿಳಿ ಕೋಟು ತೊಟ್ಟು ಬಂದರು. ಇದಿನ್ನೂ ಔಷಧಿಯಲ್ಲ, ಸೀಸೆಯೊಳಗಿನ ಪರೀಕ್ಷೆ, ಜನರಿಗೆ ಸಿಗಲು ಎಷ್ಟು ವರ್ಷವೋ ಎಂದು ಗುಬ್ಬಿ ಮೊದಲೇ ಹೇಳಿದಳು. ಯಾರಿಗಾದರೂ ಸಿಕ್ಕರಾಯಿತು ಎಂದಳು ಅಕ್ಕ. ಆಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಉದ್ದುದ್ದ ಚಾಚಿಕೊಂಡಿದ್ದ ಕೋಶಗಳ ಸುತ್ತ ದುಂಡನೆಯ ಪುಟ್ಟ ಕಾವಲುಗಾರರು ಮುತ್ತಿಕೊಂಡಿದ್ದರು. ಅಲ್ಲಲ್ಲಿ ಒಂದೊಂದು ಶತ್ರು ಮುದುಡುತ್ತಿತ್ತು.

"ನಿಜವಾಗ್ಲೂ ಇತ್ತು," ಎಂದಳು ಅಕ್ಕ. ಕಣ್ಣೊರೆಸಿಕೊಂಡು ಗುಬ್ಬಿಯ ಕೆನ್ನೆ ಸವರಿದಳು. "ನಿನ್ನಿಂದ ನೋಡಿದೆ ಕಣೇ. ಇಷ್ಟು ಸಾಕು ನನಗೆ."

ಆಮೇಲೆ ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿದಳು. ಅಷ್ಟು ವರ್ಷ ಕೂಡಿಟ್ಟ ಮಾತುಗಳು ಅವಳ ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಅಮ್ಮ ನೋಡಿದಳು. ತಲೆ ಎತ್ತಲೇ ಇಲ್ಲ. ಕಣ್ಣು ಅಲ್ಲೇ ಇಟ್ಟುಕೊಂಡು ಮೆಲ್ಲಗೆ ಹೇಳಿದಳು:

"ನನಗೂ ಹೀಗೇ ಆಗ್ತಿತ್ತು. ಎಲ್ಲರಿಗೂ ಇದ್ದದ್ದೇ ಅಂತ ನಮ್ಮಮ್ಮ ಹೇಳಿದ್ಲು. ನಾನೂ ನಂಬ್ಕೊಂಡು ಬಿಟ್ಟೆ."

ಅಕ್ಕ ಅಮ್ಮನ ಹಿಂದೆ ನಿಂತು, ಬಿಳಿ ಕೋಟಿನ ಮೇಲಿನಿಂದಲೇ ಸೊಂಟದ ಎಡಬದಿಗೆ, ತನಗೆ ನೋಯುತ್ತಿದ್ದ ಜಾಗಕ್ಕೇ ಸರಿಯಾಗಿ ಅಂಗೈ ಇಟ್ಟು ಒತ್ತಿದಳು.

"ಇಲ್ಲೇನಮ್ಮಾ?"

"ಹೂಂ," ಎಂದಳು ಅಮ್ಮ. "ಅಲ್ಲೇ."