ಮೊದಲ ನಿಲ್ದಾಣದಲ್ಲಿ ನಿಂತ ಬಸ್ಸು

ಹಳದಿ ಕೋಟಿನ ಹೆಂಗಸು ಒಂದು ಕಾಲನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟು ಹಾಗೇ ನಿಂತಿದ್ದಾಳೆ, ಇನ್ನೊಂದು ಕಾಲು ರಸ್ತೆಯ ಮೇಲೆ, ವೈಪರ್ ಮಾತ್ರ ಆ ಕಡೆ ಈ ಕಡೆ ಓಡಾಡುತ್ತಿದೆ, ಗಾಜಿನ ಮೇಲೆ ಒಂದು ಹನಿಯೂ ಇಲ್ಲ, ಟಿ.ವಿ.ಯೊಳಗಿನ ಆಟದ ಬಸ್ಸಲ್ಲವೇ, ಅದಕ್ಕೇನು ಗೊತ್ತು. ಮೇಲಿನ ಮೂಲೆಯಲ್ಲಿ ಕಂಪನಿಯ ಸಂದೇಶ, ಅನಧಿಕೃತ ಉಪಕರಣ ಪತ್ತೆಯಾಗಿದೆ, ಬಳಕೆಯನ್ನು ನಿಲ್ಲಿಸಲಾಗಿದೆ — ಪತ್ತೆಯಾಗಿದೆಯಂತೆ, ಕಳ್ಳಮಾಲು ಸಿಕ್ಕ ಹಾಗೆ. ಟಿ.ವಿ.ಯ ಮುಂದೆ ಕೂತ ಮಗಳ ಕಿವಿಯಲ್ಲಿ ಫೋನು, ಫೋನಿನಲ್ಲಿ ಪಿಯಾನೊ, ನಡುನಡುವೆ ಒಂದು ಸಿಹಿ ದನಿ, ನಿಮ್ಮ ಕರೆ ನಮಗೆ ಅಮೂಲ್ಯ, ಅಮೂಲ್ಯ ಅಂದರೆ ಬೆಲೆಯೇ ಕಟ್ಟದೆ ಮೂಲೆಗೆ ಎಸೆಯುವುದು ಎಂದು ಈಗ ಗೊತ್ತಾಗುತ್ತಿದೆ. ಅಪ್ಪ ಕುರ್ಚಿಯಲ್ಲಿ ಕೂತಿದ್ದಾರೆ, ಬಲಗೈ ತೊಡೆಯ ಮೇಲೆ, ಲಕ್ವ ಹೊಡೆದಂದಿನಿಂದ ಅದು ಅಲ್ಲೇ, ಎಡಗೈಯಲ್ಲಿ, ಒಂದೇ ಕೈಯಲ್ಲಿ ಆಟ ಆಡುವವರಿಗೆಂದು ಯಾವುದೋ ಸಣ್ಣ ಕಾರ್ಖಾನೆಯವರು ಮಾಡಿದ ಹಿಡಿ, ಹೆಬ್ಬೆರಳು ಗುಂಡಿ ಒತ್ತುತ್ತಿದೆ, ಗುಂಡಿ ಒತ್ತಿದರೆ ಟಿಕೆಟ್, ಟಿಕೆಟ್ ಸಿಕ್ಕರೆ ಆ ಹೆಂಗಸು ಹತ್ತುತ್ತಾಳೆ, ಹತ್ತುತ್ತಿಲ್ಲ. ಡಿಪೋದವರು ಏನಂದ್ರಮ್ಮ? ಅಪ್ಪನಿಗೆ ಕಂಪನಿ ಅಂದರೆ ಡಿಪೋ. ಜೀವನವೆಲ್ಲ ಬಸ್ಸು ಓಡಿಸಿದ ಮನುಷ್ಯ, ಲಕ್ವ ಹೊಡೆದ ಮೇಲೆ ಲೈಸೆನ್ಸು ಹೋಯಿತು, ತಿಂಗಳುಗಟ್ಟಲೆ ಗೋಡೆ ನೋಡುತ್ತ ಕೂತರು, ಬಾಯಿಗಿಟ್ಟ ತುತ್ತನ್ನೂ ಮರೆಯುತ್ತಿದ್ದರು, ಆಮೇಲೆ ಈ ಬಸ್ಸಿನ ಆಟ, ಈ ಹಿಡಿ, ಮೊದಲ ದಿನವೇ ಸೀಟು ಸರಿಮಾಡಿಕೊಂಡಂತೆ ಕುರ್ಚಿಯನ್ನು ಮುಂದಕ್ಕೆಳೆದು, ಕನ್ನಡಿ ಎಲ್ಲಿದೆ, ಎಂದಿದ್ದರು. ಅಪ್ಪ ಮತ್ತೆ ಅಪ್ಪನಾದದ್ದು ಅವತ್ತು. ಈಗ ಮತ್ತೆ ಗೋಡೆಯೇ? ಇನ್ನೂ ಲೈನಿನಲ್ಲಿದ್ದೀನಪ್ಪ, ಕಾಯಿಸ್ತಿದ್ದಾರೆ.

ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಆಟದ ಅಪ್‌ಡೇಟ್ ಗುಂಡಿ ಒತ್ತಿದವಳು ಅವಳೇ, ಒಪ್ಪಿದ್ದೇನೆ, ಒಪ್ಪಿದ್ದೇನೆ, ಒಪ್ಪಿದ್ದೇನೆ, ಏನನ್ನು ಒಪ್ಪಿದಳೋ, ಓದಿದವರು ಯಾರು, ಎಲ್ಲರಿಗಿಂತ ಮೊದಲು ಹಾಕಿಕೊಂಡೆ ಎನ್ನುವ ಜಂಭ, ಶಾಲೆಯ ದಿನಗಳಿಂದ ಬಂದ ಚಟ. ಆಗ ಆಟದ ಪೆಟ್ಟಿಗೆಯೊಳಗೆ ದಪ್ಪನೆಯ ಪುಸ್ತಕ ಬರುತ್ತಿತ್ತು, ಬಣ್ಣದ ಚಿತ್ರಗಳು, ಶಾಯಿಯ ವಾಸನೆ, ಅಣ್ಣನೂ ಅವಳೂ ಒಂದೇ ಹೊದಿಕೆಯಡಿ ಕಚ್ಚಾಡಿಕೊಂಡು ಓದಿದ್ದು. ಆಮೇಲೆ ಪುಸ್ತಕ ಒಂದು ಹಾಳೆಯಾಯಿತು, ಹಾಳೆಯೂ ಹೋಯಿತು, ಮರ ಉಳಿಸ್ತಿದ್ದಾರೆ ಕಣೋ ಎಂದಳು. ಪೆಟ್ಟಿಗೆಯಿಂದ ಚಾರ್ಜರ್ ಹೋಯಿತು, ಎಲ್ಲರ ಮನೇಲೂ ಇರುತ್ತಲ್ಲ ಎಂದಳು. ಡಿಸ್ಕ್ ಹೋಗಿ ಖಾಲಿ ಡಬ್ಬಿಯೊಳಗೆ ಆಟ ಇಳಿಸಿಕೊಳ್ಳುವ ಕೋಡಿನ ಒಂದು ಚೀಟಿ ಬಂತು, ಜಾಗ ಉಳೀತು ಎಂದಳು! ಕಂಪನಿಯ ಹಿಡಿಯಲ್ಲಿ ದಿಕ್ಕು ತಿರುಗಿಸುವ ಕಡ್ಡಿ ಸವೆದು, ಮುಟ್ಟದಿದ್ದರೂ ಆಟದೊಳಗಿನವನು ತಾನಾಗಿ ಎಡಕ್ಕೆ ನಡೆದು ಹಳ್ಳಕ್ಕೆ ಬೀಳುತ್ತಿದ್ದ, ನೀನು ಹಿಡಿಯೋ ರೀತಿ ಸರಿಯಿಲ್ಲ ಎಂದು ಅಣ್ಣನಿಗೇ ಪಾಠ ಹೇಳಿದಳು. ಅಣ್ಣ ನಕ್ಕಿದ್ದ — ನೀನು ಬಿಡಮ್ಮ, ಕಂಪನಿ ಸೊಸೆ, ಅತ್ತೆ ಮನೆಯವರು ಉಪವಾಸ ಕೆಡವಿದ್ರೂ ಹೊಟ್ಟೆಗೆ ಒಳ್ಳೇದು ಅಂತೀಯ. ಸೊಸೆಯಂತೆ. ಸೊಸೆಗಾದರೂ ಮನೆಯೊಳಗೆ ಒಂದು ಕೋಣೆ ಇರುತ್ತದೆ, ತಾನು ಹೊಸಿಲ ಹೊರಗೆ ನಿಂತು ಸಂಬಳವಿಲ್ಲದೆ ಬಾಗಿಲು ಕಾದವಳು.

ಕಳೆದ ತಿಂಗಳು ಕಂಪನಿಯ ದೊಡ್ಡ ಮನುಷ್ಯ ವೇದಿಕೆಯ ಮೇಲೆ ಬಂದಿದ್ದ, ಹಾಲಿನಲ್ಲಿ ಅದ್ದಿದಂಥ ಬಿಳಿ ಬೂಟು, ಹಿಂದೆ ಗೋಡೆಯಗಲದ ಅಕ್ಷರ, ಎಲ್ಲರ ಕೈಗೂ ಆಟ, ಒಂದು ಪುಟ್ಟ ಕೂಸಿನ ಕೈ, ಒಂದು ಅಜ್ಜಿಯ ಸುಕ್ಕುಗಟ್ಟಿದ ಕೈ, ಆ ಕೈ ಯಾವ ಬಾಡಿಗೆಯ ಅಜ್ಜಿಯದೋ, ಚಪ್ಪಾಳೆ, ಅವಳೂ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಫೋನಿನಲ್ಲಿ ನೋಡುತ್ತ, ಊಟದ ಡಬ್ಬಿ ಪಕ್ಕಕ್ಕಿಟ್ಟು ಚಪ್ಪಾಳೆ ತಟ್ಟಿದ್ದಳು, ಪೆದ್ದಿ. ಅದೇ ಕೋಣೆಯಲ್ಲಿ ಅವಳ ಕೆಲಸ, ಗಾಜಿನ ಅಂಚು ಉಜ್ಜುವುದು, ಫ್ರೇಮಿಗೆ ಕೂರಿಸುವುದು, ಯಾವ ಕಾಲದ್ದೋ ಫ್ರೇಮು ತಂದವರಿಗೂ ಡಬ್ಬಿ ಸುರುವಿ ಸಾಸಿವೆಯಷ್ಟು ಸ್ಕ್ರೂ ಹುಡುಕಿ ಕೊಡುವುದು. ಇದನ್ನ ಯಾಕೆ ರಿಪೇರಿ ಮಾಡ್ತೀರಾ, ಹೊಸದು ಮಾರಬಾರದಾ, ಎಂದು ಅವಳು ಕೇಳಿದಾಗ ಅಂಗಡಿಯ ಯಜಮಾನರು ಹೇಳಿದ್ದರು, ಫ್ರೇಮ್ ಹಳೇದಾಯ್ತು, ಮೂಗು ಬದಲಾಯಿಸ್ಕೊಂಡ್ ಬನ್ನಿ ಅನ್ನೋಕಾಗುತ್ತೇನಮ್ಮ? ಬಿಳಿ ಬೂಟಿನವನು ಹೇಳುತ್ತಿರುವುದು ಅದನ್ನೇ ಅಲ್ಲವೇ, ಮೂಗು ಬದಲಾಯಿಸಿಕೊಂಡು ಬನ್ನಿ, ಕೈ ಬದಲಾಯಿಸಿಕೊಂಡು ಬನ್ನಿ — ಪಿಯಾನೊ ನಿಂತಿತು. ನಮಸ್ಕಾರ ಮೇಡಂ, ಹೇಗೆ ಸಹಾಯ ಮಾಡಲಿ? ಹುಡುಗಿಯ ದನಿ, ನೆಗಡಿಯಾಗಿದೆ ಪಾಪ. ಅವಳು ಎಲ್ಲ ಹೇಳಿದಳು, ಬೆಳಿಗ್ಗೆಯ ಅಪ್‌ಡೇಟು, ಮೊದಲ ನಿಲ್ದಾಣ, ಬಾಗಿಲು ತೆರೆದಿದ್ದೇ ಹಿಡಿ ಸತ್ತದ್ದು. ನಮ್ಮ ಗುರುತಿನ ಚಿಪ್ ಇಲ್ಲದ ಉಪಕರಣಗಳು ಇನ್ನು ಕೆಲಸ ಮಾಡಲ್ಲ ಮೇಡಂ, ಅಧಿಕೃತ ಹಿಡಿಯನ್ನೇ ಬಳಸಬೇಕು. ಅದನ್ನ ಎರಡು ಕೈಯಲ್ಲಿ ಹಿಡೀಬೇಕಲ್ಲಮ್ಮ. ಹೌದು ಮೇಡಂ, ಆರಾಮವಾಗಿ ಹಿಡಿಯೋ ಹಾಗೆ ಮಾಡಿದ್ದಾರೆ, ಎರಡೂ ಕೈಯಲ್ಲಿ. ನಮ್ಮಪ್ಪನಿಗೆ ಒಂದೇ ಕೈ ಬರೋದು. ಆ ಕಡೆ ಮೂಗು ಎಳೆದುಕೊಂಡ ಸದ್ದು, ಮತ್ತೆ ಮೊದಲಿನ ದನಿ, ಬರೆದುಕೊಟ್ಟದ್ದನ್ನು ಓದುವ ದನಿ, ನಿಮ್ಮ ಸಲಹೆಯನ್ನು ದಾಖಲಿಸಿಕೊಂಡಿದ್ದೇವೆ. ಸಲಹೆ! ಅಪ್ಪನ ಕೈ ಇವರಿಗೆ ಸಲಹೆ. ಸರಿ, ನಿನ್ನೆ ಹೇಗಿತ್ತೋ ಹಾಗೆ ಮಾಡ್ಕೊಡಿ, ಈ ಅಪ್‌ಡೇಟೇ ಬೇಡ. ಹಿಂದಕ್ಕೆ ಹೋಗೋಕೆ ಬರಲ್ಲ ಮೇಡಂ, ಕ್ಷಮಿಸಿ. ಕರೆಯ ಬಗ್ಗೆ ಅಂಕ ಕೊಡಿ ಎಂದಿತು ಇನ್ನೊಂದು ದನಿ, ಅಂಕವಂತೆ, ನಾಚಿಕೆ ಎಂಬ ಪದಾರ್ಥವನ್ನೂ ಪೆಟ್ಟಿಗೆಯಿಂದ ತೆಗೆದುಹಾಕಿದ್ದಾರೆ.

ಏನಂತೆ? ಅಪ್ಪ ತಿರುಗಲಿಲ್ಲ, ಕಣ್ಣು ಪರದೆಯ ಮೇಲೆ. ಹಿಂದಕ್ಕೆ ಹೋಗಲ್ವಂತಪ್ಪ. ಅದೆಂಥ ಗಾಡಿನಮ್ಮ, ರಿವರ್ಸ್ ಗೇರೇ ಇಲ್ವಾ? ನಗುತ್ತಾರೆ, ಬಾಯಿಯ ಒಂದು ಬದಿ ಮಾತ್ರ ನಗುತ್ತದೆ, ನಗು ಅರ್ಧಕ್ಕೇ ನಿಂತಿತು, ಹಾಗಾದ್ರೆ ಲೈಸೆನ್ಸು ಮತ್ತೆ ಕಿತ್ಕೊಂಡ್ರು ಅನ್ನು. ಅವಳು ಎದ್ದು ಟಿ.ವಿ.ಯ ಸ್ವಿಚ್ಚಿಗೆ ಕೈಹಾಕಿದಳು, ಏಳಿಯಪ್ಪ, ಊಟ ಮಾಡೋಣ, ಅಣ್ಣನನ್ನ ಕೇಳಿ ಬೇರೆ ಏನಾದ್ರೂ — ಏಯ್, ಮುಟ್ಟಬೇಡ. ಆ ದನಿ, ಹಿಂದಿನ ಸೀಟಿನ ತನಕ ಕೇಳಿಸುತ್ತಿದ್ದ ದನಿ. ಬಾಗಿಲು ತೆಗ್ದಿದೆ, ಪ್ಯಾಸೆಂಜರ್ ಹತ್ತುತಾ ಇದ್ದಾರೆ, ಹಂಗೆಲ್ಲ ಡ್ರೈವರ್ ಸೀಟ್ ಬಿಟ್ಟು ಏಳಬಾರದು. ಅವಳ ಕೈ ಸ್ವಿಚ್ಚಿನ ಮೇಲೇ ಉಳಿಯಿತು, ಒತ್ತಲಾರದು, ತೆಗೆಯಲಾರದು, ವೈಪರ್ ಆ ಕಡೆ, ಈ ಕಡೆ, ಹೆಬ್ಬೆರಳು ಗುಂಡಿಯ ಮೇಲೆ, ಮತ್ತೆ ಗುಂಡಿಯ ಮೇಲೆ, ಬಿಳಿ ಬೂಟು, ಅಲ್ಲ, ಬೂಟಲ್ಲ, ಹಳದಿ ಕೋಟು, ಕೋಟಿನ ಕೆಳಗೆ ಕಾಲು, ಮೆಟ್ಟಿಲ ಮೇಲೆ ಒಂದು ಕಾಲು, ಮೆಟ್ಟಿಲ ಮೇಲೆ ಒಂದು ಕಾಲು